ಆಟೋ ಬೆನ್ನಿಗೆ ಹದಿನಾಲ್ಕು ಅಕ್ಷರ: ನನ್ನ ಅನುಭವ

ದಾವಣಗೆರೆಯಲ್ಲಿ ರೇಡಿಯಂ ಕಟಿಂಗ್ ಅಂಗಡಿಗಳಿಗೆ ಬರವಿಲ್ಲ. ಆಟೋ ಹಿಂದೆ ಅಂಟಿಸುವ ಸಾಲನ್ನು ನಾನೇ ಬರೆಯುತ್ತೇನೆ, ಬರೆದದ್ದಕ್ಕೆ ಬೇರೆ, ಕತ್ತರಿಸಿದ್ದಕ್ಕೆ ಬೇರೆ ದುಡ್ಡು ತೆಗೆದುಕೊಳ್ಳುತ್ತೇನೆ ಎಂದು ಹೊರಟಾಗ ಈ ಕಸುಬಿನವರೇ ತಡೆದರು. ‘ಮೊಬೈಲಲ್ಲಿ ಸಾವಿರ ಸಾಲು ಪುಕ್ಕಟೆ ಬಿದ್ದಿವೆ, ನಿನ್ನ ಮಾತಿಗೆ ಯಾರಪ್ಪ ನೂರು ರೂಪಾಯಿ ಕೊಡ್ತಾರೆ’ ಅಂದರು. ಮೊದಲ ವರ್ಷ ಅವರ ಮಾತೇ ನಿಜವಾಯಿತು. ಇಡೀ ವರ್ಷಕ್ಕೆ ಹೋದದ್ದು 40 ಸಾಲು ಇರಬಹುದು. ಈಗ ನಾಲ್ಕನೇ ವರ್ಷ, ತಿಂಗಳಿಗೆ 60–70 ಹೋಗುತ್ತವೆ. ಆಯುಧಪೂಜೆಯ ವಾರ ಒಂದರಲ್ಲೇ 100 ದಾಟುತ್ತದೆ. ಮೆಷಿನ್ ಅದೇ, ಸ್ಟಿಕರ್ ಅದೇ. ಸಾಲು ಕಟ್ಟುವ ಕ್ರಮ ಬದಲಾಯಿತು. ಪ್ಲಾಟರ್ (ಸ್ಟಿಕರ್ ಕತ್ತರಿಸುವ ಮೆಷಿನ್) ಓಡಿಸಲು ಬರುವವರಿಗಾಗಿ ಅದನ್ನು ಬರೆಯುತ್ತಿದ್ದೇನೆ.

ಮೊದಲು ಜಾಗದ ಲೆಕ್ಕ, ಯಾಕೆಂದರೆ ಎಲ್ಲರೂ ಎಡವುವುದು ಇಲ್ಲೇ. ಬಜಾಜ್ ಆಟೋದ ಅಗಲ 1300 ಮಿ.ಮೀ., ಅಂದರೆ ನಾಲ್ಕಡಿಗಿಂತ ಸ್ವಲ್ಪ ಹೆಚ್ಚು. ಎರಡೂ ಬದಿಯ ಲೈಟು, ರಿಫ್ಲೆಕ್ಟರ್, ತಗಡಿನ ಬಾಗು ಬಿಟ್ಟರೆ ಸಾಲಿಗೆ ಸಿಗುವುದು 3 ಅಡಿ. ಬೋರ್ಡಿನವರ ಹಳೆಯ ಲೆಕ್ಕದಲ್ಲಿ 10 ಅಡಿ ದೂರಕ್ಕೆ 1 ಇಂಚು ಅಕ್ಷರ ಬೇಕು. ಹಿಂದೆ ಬರುವ ಬೈಕು ಓಡುತ್ತಿರುವಾಗ 20–25 ಅಡಿ ದೂರದಲ್ಲಿರುತ್ತದೆ, ಹಾಗಾಗಿ ಎರಡೂವರೆ ಇಂಚಿಗಿಂತ ಸಣ್ಣ ಅಕ್ಷರ ಹಾಕಿ ಉಪಯೋಗವಿಲ್ಲ. ಕನ್ನಡದ ಅಕ್ಷರ ಎಷ್ಟು ಎತ್ತರವೋ ಹೆಚ್ಚುಕಡಿಮೆ ಅಷ್ಟೇ ಅಗಲ. 36 ಇಂಚನ್ನು ಎರಡೂವರೆಯಿಂದ ಭಾಗಿಸಿದರೆ 14. ಒಂದು ಗೆರೆಗೆ 14 ಅಕ್ಷರ, ಮುಗಿಯಿತು. ಎರಡು ಗೆರೆ ಮಾಡಬಹುದು, ಆದರೆ ಮೇಲಿನ ಗೆರೆಯ ಒತ್ತಕ್ಷರ ಕೆಳಗಿನ ಗೆರೆಯ ತಲೆಕಟ್ಟಿಗೆ ತಾಗದಂತೆ ನಡುವೆ ಒಂದೂವರೆ ಇಂಚು ಬಿಡಬೇಕು. ಮೂರು ಗೆರೆ ಹಾಕಿದರೆ ಯಾರೂ ಓದುವುದಿಲ್ಲ.

ನಮ್ಮ ಗಾದೆಗಳನ್ನು ಎಣಿಸಿ ನೋಡಿ. ‘ಮಾತು ಬೆಳ್ಳಿ ಮೌನ ಬಂಗಾರ’ 9 ಅಕ್ಷರ. ‘ಹಾಸಿಗೆ ಇದ್ದಷ್ಟು ಕಾಲು ಚಾಚು’ 10. ‘ಕೈ ಕೆಸರಾದರೆ ಬಾಯಿ ಮೊಸರು’ 11. ಬಾಯಿಗೆಂದು ಹುಟ್ಟಿದ ಮಾತು ಆಟೋದ ಅಳತೆಗೆ ಸರಿಯಾಗಿ ಕೂರುತ್ತದೆ ಎಂದು ಎಣಿಸಿದ ದಿನ ನನಗೆ ದಾರಿ ಕಂಡಿತು. ಸರ್ವಜ್ಞನ ತ್ರಿಪದಿ 35ರ ಆಸುಪಾಸು ಬರುತ್ತದೆ, ಮೂರು ಸಾಲು ಬೇರೆ. ದಿನಕರ ದೇಸಾಯಿಯವರ ಚೌಪದಿಗೆ ನಾಲ್ಕು ಸಾಲು ಬೇಕು. ಅಷ್ಟು ದೊಡ್ಡವರ ಮಾತನ್ನು ಒಂದೂಕಾಲು ಇಂಚಿಗೆ ಕುಗ್ಗಿಸಿ ಹಾಕುವುದು ಅವರಿಗೆ ಮಾಡುವ ಅಪಚಾರ. ಲಗೇಜ್ ಆಟೋದ ಹಿಂದಿನ ಡಾಲಾಕ್ಕೆ (ತೆರೆದು ಮುಚ್ಚುವ ತಗಡಿನ ಬಾಗಿಲಿಗೆ) ಚೌಪದಿಯ ಅಳತೆಯ ನಾಲ್ಕು ಸಾಲು ಬರೆದು ಹಾಕಿದ್ದೆ, ಚೆನ್ನಾಗಿ ಕೂತಿತು. ಆದರೆ ಡಾಲಾ ಬಿಚ್ಚಿ ಹಾಕಿ ಮಾಡುವ ಹೊತ್ತಿಗೆ ನಾಲ್ಕನೇ ಸಾಲು ಉಜ್ಜಿಹೋಯಿತು. ಮಾತಿನ ಗುಟ್ಟು ಇದ್ದದ್ದೇ ಆ ಸಾಲಿನಲ್ಲಿ.

ಇನ್ನು ಬರೆಯುವ ಕೆಲಸ. ಕನ್ನಡದಲ್ಲಿ ಮಾತಿನ ತಿರುವು ಕೊನೆಯ ಪದದಲ್ಲಿ ಇರಬೇಕು, ಅದರ ಹಿಂದೆ ಬಾಲ ಇರಬಾರದು. ‘ಸಲಹೆಗೂ ಮೀಟರಿದ್ದರೆ ಊರೆಲ್ಲ ಮೌನವಾಗಿರುತ್ತಿತ್ತು’ ಎಂದು ಮೊದಲು ಬರೆದಿದ್ದೆ. ‘ವಾಗಿರುತ್ತಿತ್ತು’ ಅನ್ನುವಷ್ಟರಲ್ಲಿ ನಗು ಆರಿಹೋಗಿರುತ್ತದೆ. ಆ ಐದು ಅಕ್ಷರ ಕಿತ್ತು ‘ಊರೆಲ್ಲ ಮೌನ’ ಎಂದು ನಿಲ್ಲಿಸಿದೆ. ಕ್ರಿಯಾಪದವೇ ಇಲ್ಲದೆ ವಾಕ್ಯ ನಿಲ್ಲುವುದು ನಮ್ಮ ಭಾಷೆಯ ದೊಡ್ಡ ಅನುಕೂಲ. ಎರಡು ‘ತ್ತ’ ಒತ್ತಿನ ಸುತ್ತ ಬೇಡದ ಸ್ಟಿಕರ್ ಚೂರನ್ನು ಪಿನ್ನಿನಿಂದ ಕೀಳುವ ಕೆಲಸವೂ ಉಳಿಯಿತು. ಅಂಟು ಕಾಗದದ ಮೇಲೆ ಬರೆಯುವವನಿಗೆ ವ್ಯಾಕರಣ, ಪಿನ್ನು ಎರಡೂ ಒಟ್ಟಿಗೆ ಕೈಯಲ್ಲಿರಬೇಕು.

ಪುಸ್ತಕದ ರೂಪ ಹಾಕಬೇಕೋ ಆಡುವ ರೂಪವೋ ಎನ್ನುವುದು ಇನ್ನೊಂದು ಪ್ರಶ್ನೆ. ‘ಆಗುವುದಿಲ್ಲ’ ಐದು ಅಕ್ಷರ, ‘ಆಗಲ್ಲ’ ಮೂರು, ‘ಆಗದು’ ಮೂರು. ಗಾದೆಯ ಗತ್ತು ಬೇಕಾದಲ್ಲಿ ‘ಆಗದು’, ಚಾಲಕನೇ ತಿರುಗಿ ಮಾತಾಡಿದಂತೆ ಕೇಳಿಸಬೇಕಾದಲ್ಲಿ ‘ಆಗಲ್ಲ’. ‘ಅವಸರಕ್ಕೆ ರಸ್ತೆ ಅಗಲಾಗದು’ ಎಂಬುದು 12 ಅಕ್ಷರ, ಒಂದೇ ಗೆರೆಗೆ ಬಂತು. ಹಾರ್ನ್ ಒತ್ತುವವನನ್ನು ಎಲ್ಲೂ ಬೈದಿಲ್ಲ, ಹಾರ್ನ್ ಎಂಬ ಪದವೂ ಇಲ್ಲ, ಆದರೂ ಕೈ ಹಾರ್ನಿನಿಂದ ಹಿಂದೆ ಸರಿಯುತ್ತದೆ ಎಂದು ಹಾಕಿಸಿಕೊಂಡವರು ಹೇಳುತ್ತಾರೆ. ಈ ಸಾಲಿನ ಬಗ್ಗೆ ನನಗೆ ಹೆಮ್ಮೆ ಇದೆ.

ಬೈಯುವ ವಿಷಯಕ್ಕೆ ಬರುತ್ತೇನೆ. ಹಿಂದೆ ಬರುವವನಿಗೆ ‘ನೀನು’, ‘ನಿಮ್ಮ’ ಎಂದು ಬರೆದ ಸಾಲು ನಿಲ್ಲುವುದಿಲ್ಲ. ಆರಂಭದಲ್ಲಿ ಅಂಥವು ಒಂಬತ್ತು ಮಾಡಿದ್ದೆ, ಅವುಗಳಲ್ಲಿ ಏಳು ಒಂದು ತಿಂಗಳೊಳಗೆ ವಾಪಸು ಬಂದವು. ಸಿಗ್ನಲ್‌ನಲ್ಲಿ ಜಗಳ, ಸ್ಟ್ಯಾಂಡಿನಲ್ಲಿ ಜಗಳ. ‘ಒಲೆ ಅವರದು, ಉರಿ ನಿಮ್ಮದು’ ಎಂಬುದು ಅದರಲ್ಲೊಂದು. ಹೊಟ್ಟೆಕಿಚ್ಚಿನ ಮೇಲೆ ಇದಕ್ಕಿಂತ ಚಿಕ್ಕದಾಗಿ ಹೇಳಲು ನನಗೆ ಇವತ್ತಿಗೂ ಆಗಿಲ್ಲ, ಆದರೂ ಸೋತಿತು. ‘ನಿ’ಯ ಒಂದು ಗುಡಿಸು ತೆಗೆದೆ: ‘ಒಲೆ ಅವರದು, ಉರಿ ನಮ್ಮದು’. ಈಗ ಅದೇ ಸಾಲು ಊರಲ್ಲಿ ಇಪ್ಪತ್ತು ಆಟೋ ಮೇಲಾದರೂ ಇದೆ. ಚಾಲಕ ತನ್ನ ಹೊಟ್ಟೆ ಉರಿಯನ್ನು ಒಪ್ಪಿಕೊಂಡ ಕೂಡಲೇ ಹಿಂದಿನವನು ತನ್ನದನ್ನೂ ಒಪ್ಪಿಕೊಳ್ಳುತ್ತಾನೆ. ‘ನಿ’ ಇದ್ದಾಗ ಅದೇ ಮನುಷ್ಯ ಮೈಮೇಲೆ ಬರುತ್ತಿದ್ದ. ಮನುಷ್ಯ ಸ್ವಭಾವದ ಬಗ್ಗೆ ಈ ಅಂಗಡಿಯಲ್ಲಿ ನಾನು ಕಲಿತದ್ದರಲ್ಲಿ ದೊಡ್ಡ ಪಾಲು ಆ ಒಂದು ಗುಡಿಸಿನಲ್ಲಿದೆ.

ಕೆಲವರು ‘ಉರಿ’ ಅರ್ಥವಾಗಲ್ಲ, ‘ಹೊಟ್ಟೆ ಉರಿ’ ಎಂದೇ ಹಾಕಿ ಎಂದರು. ಹಾಕಿ ನೋಡಿದೆ. ಅರ್ಥವಾಯಿತು, ಯಾರೂ ನಗಲಿಲ್ಲ. ಓದುವವನು ತುಂಬಿಕೊಳ್ಳಲು ಒಂದು ಪದದ ಜಾಗ ಖಾಲಿ ಬಿಡಬೇಕು. ಎರಡು ಪದದ ಜಾಗ ಬಿಟ್ಟರೆ ಗ್ಯಾಸ್ ಏಜೆನ್ಸಿಯ ಜಾಹೀರಾತು ಅಂದುಕೊಳ್ಳುತ್ತಾರೆ.

ಈಗ ಮುಖ್ಯ ವಿಷಯ. ಕೆಲಸಕ್ಕೆ ಬಂದ ಕ್ರಮ ಇಷ್ಟೇ: ಸಾಲನ್ನು ಬರೆದ ದಿನ ಕತ್ತರಿಸಬಾರದು. ಎ4 ಹಾಳೆಗಳನ್ನು ಉದ್ದಕ್ಕೆ ಜೋಡಿಸಿ ಪ್ರಿಂಟ್ ತೆಗೆಯುತ್ತೇನೆ, ಮೇಲೆ ಅಗಲದ ಪಾರದರ್ಶಕ ಟೇಪ್ ಎಳೆದು ಸ್ಟ್ಯಾಂಡಿನ ಒಂದು ಆಟೋಕ್ಕೆ ಅಂಟಿಸುತ್ತೇನೆ. ಖರ್ಚು 15 ರೂಪಾಯಿ. ಮೂರು ದಿನ ಬಿಡುತ್ತೇನೆ. ಮೂರನೇ ದಿನ ಸಂಜೆ ಆ ಸ್ಟ್ಯಾಂಡಿನ ನಾಲ್ಕೈದು ಜನರ ಬಳಿ ಹೋಗಿ, ಆಟೋ ಅಲ್ಲಿ ಇಲ್ಲದ ಹೊತ್ತಿನಲ್ಲಿ, ‘ಏನು ಬರೆದಿತ್ತು’ ಎಂದು ಕೇಳುತ್ತೇನೆ. ಯಾರಿಗೂ ನೆನಪಿಲ್ಲದಿದ್ದರೆ ಹಾಳೆ ಕಸದ ಬುಟ್ಟಿಗೆ. ಸರಿಯಾಗಿ ಹೇಳಿದರೆ ಕಟಿಂಗ್‌ಗೆ. ತಪ್ಪಾಗಿ ಹೇಳಿದರೆ ಅವರು ಹೇಳಿದ ತಪ್ಪನ್ನೇ ಬರೆದುಕೊಂಡು ಬರುತ್ತೇನೆ. ಹತ್ತರಲ್ಲಿ ಆರು ಸಲ ಆ ತಪ್ಪೇ ನನ್ನದಕ್ಕಿಂತ ಒಳ್ಳೆಯ ಸಾಲು.

ಉದಾಹರಣೆ ಕೊಡುತ್ತೇನೆ. ನಾನು ಬರೆದದ್ದು: ‘ದಾರಿ ಕೇಳಿದವನು ಊರು ಮುಟ್ಟಿದ, ದಾರಿ ಗೊತ್ತೆಂದವನು ಊರು ಸುತ್ತಿದ’. ಗೆರೆಗೆ 12ರಂತೆ 24 ಅಕ್ಷರ. ಅಳತೆ ಸರಿ, ಪ್ರಾಸ ಸರಿ, ಅರ್ಥ ಸರಿ. ಮೂರು ದಿನದ ಮೇಲೆ ಸ್ಟ್ಯಾಂಡಿನಲ್ಲಿ ಸಿಕ್ಕಿದ್ದು: ‘ಕೇಳಿದವ ಮುಟ್ಟಿದ, ಗೊತ್ತಿದ್ದವ ಸುತ್ತಿದ’. ಎರಡು ದಾರಿ, ಎರಡು ಊರು ಉದುರಿಹೋಗಿ ಒಟ್ಟು 14 ಅಕ್ಷರ. ಅದಕ್ಕಿಂತ ಮುಖ್ಯವಾದದ್ದು, ‘ಗೊತ್ತೆಂದವ’ ಹೋಗಿ ‘ಗೊತ್ತಿದ್ದವ’ ಬಂದಿತ್ತು. ನನ್ನ ಸಾಲಿನಲ್ಲಿ ಸುತ್ತಿದವನು ಜಂಬದವನು. ಅವರ ಸಾಲಿನಲ್ಲಿ ನಿಜವಾಗಿ ಗೊತ್ತಿದ್ದವನೂ ಸುತ್ತುತ್ತಾನೆ. ದಿನಕ್ಕೆ ಇಪ್ಪತ್ತು ಟ್ರಿಪ್ ಹೊಡೆಯುವವರ ಬಾಯಿಂದ ಮಾತ್ರ ಬರುವ ತಿದ್ದುಪಡಿ ಅದು, ಮೇಜಿನ ಮುಂದೆ ಕೂತವನಿಗೆ ಹೊಳೆಯುವುದಲ್ಲ. ಇದು ಇವತ್ತಿಗೂ ನನ್ನ ಅಂಗಡಿಯಲ್ಲಿ ಅತಿ ಹೆಚ್ಚು ಹೋಗುವ ಸಾಲು. ಗಾದೆಗಳು ತಲೆಮಾರುಗಟ್ಟಲೆ ಉಜ್ಜಿಸಿಕೊಂಡು ನುಣುಪಾದವು. ಅದೇ ಉಜ್ಜುವಿಕೆಯನ್ನು ಮೂರು ದಿನದಲ್ಲಿ ಸ್ವಲ್ಪವಾದರೂ ಪಡೆಯುವ ಉಪಾಯ ಇದು. ಯಾವ ಸ್ಟ್ಯಾಂಡಿನಲ್ಲಿ ಅಂಟಿಸಬೇಕು, ಯಾರನ್ನು ಕೇಳಬಾರದು ಎಂಬ ಲೆಕ್ಕವೂ ಒಂದಿದೆ. ಅದನ್ನು ಇಲ್ಲಿ ಬಿಡಿಸಿ ಹೇಳುವುದಿಲ್ಲ, ನಿಮ್ಮ ಊರಿನಲ್ಲಿ ನೀವೇ ಕಂಡುಕೊಳ್ಳಿ.

ರೈಲ್ವೆ ಗೇಟ್ ಬಿದ್ದಾಗ ಎರಡು ಗೆರೆಯ ಸಾಲಿಗೆ ಓದುಗರು ಸಿಗುತ್ತಾರೆ. ನಿಲ್ಲದೆ ಪಿ.ಬಿ. (ಪುಣೆ–ಬೆಂಗಳೂರು) ರಸ್ತೆಯಲ್ಲೇ ಹೆಚ್ಚು ಓಡುವ ಗಾಡಿಗೆ ಒಂದು ಗೆರೆ ಸಾಕು. ಗಾಡಿ ಯಾವ ಕಡೆ ಓಡುತ್ತದೆ ಎಂದು ಕೇಳದೆ ಸಾಲು ಆರಿಸಬೇಡಿ.

ಕತ್ತರಿಸುವಾಗ ಎಲ್ಲೆಲ್ಲಿ ಕೆಡುತ್ತದೆ ಎಂಬುದನ್ನು ಈಗ ಹೇಳುತ್ತೇನೆ. ಹಳೆಯ ಕೋರೆಲ್‌ನಲ್ಲಿ (ಅಕ್ಷರ, ಚಿತ್ರ ಜೋಡಿಸುವ ಸಾಫ್ಟ್‌ವೇರ್) ಯೂನಿಕೋಡ್, ಅಂದರೆ ಮೊಬೈಲಲ್ಲಿ ಬಳಸುವ ಬಗೆಯ ಅಕ್ಷರ, ಹಾಕಿದರೆ ಒತ್ತು ಪಕ್ಕಕ್ಕೆ ಬಂದು ಕೂರುತ್ತದೆ ಎಂದು ಎಲ್ಲರೂ ‘ನುಡಿ’ ಸಾಫ್ಟ್‌ವೇರಿನ ಹಳೆಯ ಫಾಂಟ್‌ಗಳನ್ನೇ ಬಳಸುತ್ತೇವೆ. ಅದರಲ್ಲಿ ಮೂಲಾಕ್ಷರ, ಕೊಂಬು, ದೀರ್ಘ ಎಲ್ಲ ಬೇರೆ ಬೇರೆ ತುಂಡು. ಪರದೆಯ ಮೇಲೆ ಒಂದೇ ಆಗಿ ಕಾಣುತ್ತವೆ, ಆದರೆ ಬ್ಲೇಡು ಒಂದರ ಮೇಲೊಂದು ಬಿದ್ದ ಗೆರೆಯನ್ನೂ ಕೊಯ್ಯುತ್ತದೆ. ಕರ್ವ್ ಮಾಡಿದ ಮೇಲೆ, ಅಂದರೆ ಅಕ್ಷರವನ್ನು ಬರೀ ಗೆರೆಯ ಆಕಾರವಾಗಿಸಿದ ಮೇಲೆ, ಪ್ರತಿ ಅಕ್ಷರದ ತುಂಡುಗಳನ್ನೂ ವೆಲ್ಡ್ ಮಾಡಿ ಒಂದಾಗಿಸಲೇಬೇಕು. ಇಡೀ ಸಾಲನ್ನು ಒಟ್ಟಿಗೆ ಆರಿಸಿ ವೆಲ್ಡ್ ಕೊಟ್ಟರೆ ಪಕ್ಕದ ಅಕ್ಷರಕ್ಕೆ ತಾಗಿದ ಒತ್ತು ಅದಕ್ಕೇ ಅಂಟಿಕೊಳ್ಳುತ್ತದೆ, ಅಕ್ಷರ ಅಕ್ಷರವಾಗಿಯೇ ಮಾಡಿ. ಮೊದಲ ಆರು ತಿಂಗಳು ಇದು ತಿಳಿಯದೆ ಒಂದೂವರೆ ರೋಲು ಹಾಳು ಮಾಡಿದೆ.

ಎರಡನೆಯದು ಹೊಟ್ಟೆ ಸೀಳು. ‘ಧ’ದ ಸೀಳು ಎರಡೂವರೆ ಇಂಚಿನ ಅಕ್ಷರದಲ್ಲಿ ಒಂದೂವರೆ–ಎರಡು ಮಿ.ಮೀ. ಅಷ್ಟೇ ಇರುತ್ತದೆ. ಪಿನ್ನು ಹಾಕಿ ಕೀಳುವಾಗ ಆ ಚೂರು ಅಲ್ಲೇ ಉಳಿದರೆ ‘ಧನ’ ಹೋಗಿ ‘ದನ’ ಆಗುತ್ತದೆ. ದುಡ್ಡಿನ ಬಗ್ಗೆ ಬರೆದ ಗಂಭೀರ ಸಾಲೊಂದು ಹೀಗೇ ರಸ್ತೆಗೆ ಹೋಗಿ ವಾಪಸು ಬಂತು, 120 ರೂಪಾಯಿ ಮಾಲು ನಷ್ಟ. ‘ಥ’ದ ಒಳಗಿನ ಚುಕ್ಕೆ, ಕತ್ತರಿಸಿದ ಅಕ್ಷರಗಳನ್ನು ಎತ್ತಿ ಗಾಡಿಗೆ ಕೂರಿಸುವ ಟ್ರಾನ್ಸ್‌ಫರ್ ಟೇಪಿಗೆ ಬರದೆ ಕಾಗದದಲ್ಲೇ ಉಳಿದರೂ ಇದೇ ಗತಿ. ಈಗ ಮಹಾಪ್ರಾಣದ ಸೀಳನ್ನು ಕೋರೆಲ್‌ನಲ್ಲೇ ಎಳೆದು 3 ಮಿ.ಮೀ.ಗೆ ಅಗಲಿಸುತ್ತೇನೆ. ಸಾಧ್ಯವಾದರೆ ಪದವನ್ನೇ ಬದಲಿಸುತ್ತೇನೆ: ‘ಧನ’ದ ಬದಲು ‘ದುಡ್ಡು’. ಎರಡು ಒತ್ತು ಒಂದರ ಕೆಳಗೊಂದು ಬರುವ ‘ಸ್ತ್ರ’, ‘ಷ್ಟ್ರ’ ಇರುವ ಪದಗಳನ್ನು ಹತ್ತಿರ ಸೇರಿಸುವುದಿಲ್ಲ. ಸಂಸ್ಕೃತದ ಭಾರ ಇಳಿದಷ್ಟೂ ಸ್ಟಿಕರ್ ಬಾಳಿಕೆ ಬರುತ್ತದೆ, ಮಾತೂ ಬಾಯಿಗೆ ಹತ್ತಿರವಾಗುತ್ತದೆ.

ಬ್ಲೇಡು ಮಾಮೂಲಿ ಸ್ಟಿಕರ್‌ಗೆ 45 ಡಿಗ್ರಿ, ಒತ್ತಡ 90–100 ಗ್ರಾಂ. ಹೊಳೆಯುವ ರೇಡಿಯಂ ದಪ್ಪ, ಅದಕ್ಕೆ 60 ಡಿಗ್ರಿ, ಒತ್ತಡ 180ರ ಹತ್ತಿರ, ವೇಗ ಅರ್ಧ. ಹಿಂದಿನ ಕಾಗದದ ಮೇಲೆ ಗೀರು ಕಾಣಬೇಕು, ಕಾಗದ ಕೊಯ್ಯಬಾರದು. ಅಕ್ಷರದ ತೀರ ತೆಳು ಗೆರೆ 3 ಮಿ.ಮೀ. ಇರಲಿ. ರೇಡಿಯಂನಲ್ಲಿ ಇನ್ನೊಂದು ತೊಂದರೆ ಇದೆ. ರಾತ್ರಿ ಹೆಡ್‌ಲೈಟ್ ಬಿದ್ದಾಗ ಬಿಳಿ ಅಕ್ಷರ ಉಬ್ಬಿದಂತೆ ಕಾಣುತ್ತದೆ, ‘ಠ’, ‘ಥ’, ಸೊನ್ನೆಗಳ ಒಳಗಿನ ಜಾಗ ಮುಚ್ಚಿಹೋಗುತ್ತದೆ. ಹಗಲಿಗೆ ಚೆಂದ ಕಾಣುವ ದಪ್ಪ ಫಾಂಟ್ ರಾತ್ರಿ ಬರೀ ಬಿಳಿ ಮುದ್ದೆ. ರೇಡಿಯಂಗೆ ಒಂದು ಹಂತ ತೆಳುವಾದ, ಹೊಟ್ಟೆ ಅಗಲವಿರುವ ಫಾಂಟ್ ಆರಿಸಿ.

ಕನ್ನಡಕ್ಕೆ ಇಲ್ಲೊಂದು ಲಾಭವೂ ಇದೆ. ಸ್ಟಿಕರ್ ಏಳುವುದು ಚೂಪು ಮೂಲೆಯಿಂದ. ಇಂಗ್ಲಿಷಿನ ಕ್ಯಾಪಿಟಲ್ ಅಕ್ಷರಕ್ಕೆ ಮೂಲೆಗಳೇ ಜಾಸ್ತಿ, ನಮ್ಮ ಅಕ್ಷರ ದುಂಡು. ಒಂದೇ ಗಾಡಿಯ ಮೇಲೆ ಎರಡನ್ನೂ ಹಾಕಿ ನೋಡಿದ್ದೇನೆ. ಪ್ರೆಷರ್ ವಾಶ್ ಏಳೆಂಟು ಸಲ ಆದ ಮೇಲೆ ಇಂಗ್ಲಿಷಿನ ಮೂಲೆ ಎದ್ದಿತ್ತು, ಕನ್ನಡದ್ದು ಹಾಗೇ ಇತ್ತು.

ಅಂಟಿಸುವ ಮೊದಲು ತಗಡನ್ನು ಸೋಪಿನಲ್ಲಿ ತೊಳೆದು, ಒಣಗಿಸಿ, ಸ್ಪಿರಿಟ್‌ನಲ್ಲಿ ಒರೆಸಿ. ಚಾಲಕರು ಹೊಳಪಿಗೆಂದು ಡೀಸೆಲ್ ಬಟ್ಟೆಯಲ್ಲಿ ಒರೆಸಿರುತ್ತಾರೆ, ಆ ಜಿಡ್ಡಿನ ಮೇಲೆ ಯಾವ ಅಂಟೂ ನಿಲ್ಲದು. ನೀರಿಗೆ ಎರಡು ಹನಿ ಶಾಂಪೂ ಹಾಕಿ ಚಿಮುಕಿಸಿ, ಸಾಲನ್ನು ಜರುಗಿಸಿ ನೆಟ್ಟಗೆ ಕೂರಿಸಿ, ನಡುವಿನಿಂದ ಎರಡೂ ಕಡೆಗೆ ಸ್ಕ್ವೀಜಿ (ನೀರು ಒತ್ತಿ ತೆಗೆಯುವ ಪಟ್ಟಿ) ಎಳೆಯಿರಿ. ಟೇಪ್ ಕೀಳಲು ಮಳೆಗಾಲದಲ್ಲಿ ಅರ್ಧ ಗಂಟೆ ಕಾಯಬೇಕು. ಒಂದು ದಿನ ಗಾಡಿ ತೊಳೆಯಬಾರದು.

ಮೇಲಿನ ರೆಕ್ಸಿನ್ ಹುಡ್‌ಗೆ ಅಂಟಿಸಿ ಎಂದು ತುಂಬ ಜನ ಕೇಳುತ್ತಾರೆ. ಬೇಡ. ರೆಕ್ಸಿನ್‌ನಲ್ಲಿರುವ ಎಣ್ಣೆಯಂಥದ್ದು ನಿಧಾನವಾಗಿ ಹೊರಗೆ ಬಂದು ಅಂಟನ್ನು ಕರಗಿಸುತ್ತದೆ, ತಿಂಗಳಲ್ಲಿ ಅಕ್ಷರ ಜಾರುತ್ತದೆ. ಎನಾಮಲ್ ಪೇಂಟ್ ಹೊಡೆದರೆ ಹುಡ್ ಮಡಚಿದ ಕಡೆ ಬಿರುಕು ಬಿಡುತ್ತದೆ. ಸ್ಟಿಕರ್‌ನಲ್ಲೇ ಸ್ಟೆನ್ಸಿಲ್ ಕೊಯ್ದು ಒಂದು ಬಗೆಯ ಇಂಕ್ ಹೊಡೆಯುತ್ತೇನೆ, ಎರಡು ವರ್ಷ ನಿಲ್ಲುತ್ತದೆ. ಆ ಇಂಕಿನ ಮಿಶ್ರಣಕ್ಕೆ ಆರು ಸಾವಿರದಷ್ಟು ಕಳೆದುಕೊಂಡು ಕಲಿತದ್ದರಿಂದ ಸದ್ಯಕ್ಕೆ ನನ್ನ ಬಳಿಯೇ ಇರಲಿ.

ದುಡ್ಡಿನ ಲೆಕ್ಕ, ನೆನಪಿನಿಂದ. ಹಳೆಯ ಎರಡಡಿ ಪ್ಲಾಟರ್ 22 ಸಾವಿರ. ಒಂದು ಸಾಲಿಗೆ ಎರಡು ಚದರಡಿ ಮಾಲು: ಮಾಮೂಲಿ ಸ್ಟಿಕರ್ 40–45 ರೂಪಾಯಿ, ರೇಡಿಯಂ ಆದರೆ 120. ಟೇಪು, ಹಾಳಾದ ಮಾಲು ಸೇರಿ ಇನ್ನೊಂದು 25. ಕಟಿಂಗ್ ಮತ್ತು ಅಂಟಿಸುವುದಕ್ಕೆ 150, ರೇಡಿಯಂಗೆ 280. ಸಾಲಿಗೆ ಬೇರೆ 100. ಮೊದಲು ಸಾಲಿನ ದುಡ್ಡನ್ನು ಒಟ್ಟಿಗೆ ಸೇರಿಸಿ 250 ಎಂದಾಗ ಎಲ್ಲರೂ ಚೌಕಾಸಿ ಮಾಡಿದರು. ಬಿಲ್ಲಿನಲ್ಲಿ ‘ಮಾತಿಗೆ 100’ ಎಂದು ಬೇರೆ ಬರೆದು, ‘ಹತ್ತು ದಿನದಲ್ಲಿ ಬೇಡವೆನಿಸಿದರೆ ಈ ನೂರು ವಾಪಸ್’ ಎಂದೆ. ಚೌಕಾಸಿ ನಿಂತಿತು. ವಾಪಸು ಕೇಳಿದವರು ನೂರರಲ್ಲಿ ಮೂವರು ನಾಲ್ವರು. ಒಮ್ಮೆ ಬೆನ್ನ ಮೇಲೆ ಹೊತ್ತ ಮಾತನ್ನು ಜನ ತಮ್ಮದೆಂದೇ ಸಾಧಿಸುತ್ತಾರೆ. ಸ್ಟ್ಯಾಂಡಿನಲ್ಲಿ ‘ನಾನೇ ಬರೆಸಿದ್ದು’ ಎನ್ನುತ್ತಾರೆ, ವಾರ ಕಳೆದರೆ ‘ನಾನೇ ಬರೆದದ್ದು’ ಎನ್ನುತ್ತಾರೆ. ನನಗೆ ಬೇಜಾರಿಲ್ಲ, ಅದೇ ಪಕ್ಕದ ಗಾಡಿಯವರನ್ನು ಅಂಗಡಿಗೆ ಕರೆತರುತ್ತದೆ.

ಯಾರಿಗೆ ಮಾರುತ್ತೀರಿ ಎಂಬುದೂ ನೋಡಬೇಕು. ‘ಆಟೋ ಬಾಡಿಗೆ, ಬೈಗುಳ ಸ್ವಂತ’ ಎಂಬ ಸಾಲು ಬಾಡಿಗೆ ಗಾಡಿ ಓಡಿಸುವವರಿಗೆ ತುಂಬ ಹಿಡಿಸಿತು, ಒಂದೂ ಹೋಗಲಿಲ್ಲ. ಗಾಡಿ ಮಾಲೀಕ ಒಪ್ಪಬೇಕಲ್ಲ! ‘ಚಿಲ್ಲರೆ ಇದ್ದವನೇ ಸಾಹುಕಾರ’ ಒಂದು ಕಾಲಕ್ಕೆ ಓಡಿತು. ಮೊಬೈಲಲ್ಲಿ ಸ್ಕ್ಯಾನ್ ಮಾಡಿ ಕೊಡುವುದು ಬಂದ ಮೇಲೆ ಸತ್ತಿತು. ಸಾಧನದ ಮೇಲೆ ಕಟ್ಟಿದ ಸಾಲು ಸಾಧನದ ಜೊತೆಗೇ ಹೋಗುತ್ತದೆ, ಹೊಟ್ಟೆಕಿಚ್ಚಿನ ಮೇಲೆ ಕಟ್ಟಿದ್ದಕ್ಕೆ ಆ ಭಯವಿಲ್ಲ.

ಹೆಣ್ಣುಮಕ್ಕಳನ್ನು ಹೀಯಾಳಿಸುವ ಸಾಲನ್ನು ನಾನು ಕತ್ತರಿಸುವುದಿಲ್ಲ, ಎಷ್ಟು ಕೊಟ್ಟರೂ. ಹಿಂದಿನ ಸೀಟಿನಲ್ಲಿ ಕೂರುವವರಲ್ಲಿ ಅರ್ಧಕ್ಕರ್ಧ ಅವರೇ. ಬೇರೆ ಕಡೆ ಹಾಕಿಸಿಕೊಂಡವರು ಮದುವೆ ಗೊತ್ತಾದ ಕೂಡಲೇ ಕೀಳಿಸಲು ನನ್ನ ಬಳಿ ಬಂದಿದ್ದಾರೆ, ಕೀಳಲು 80 ರೂಪಾಯಿ.

ಅಂಗಡಿಗಳಿಗೂ ಸಾಲು ಮಾಡಿ ನೋಡಿದೆ. ‘ಇಂದು ನಗದು, ನಾಳೆ ಉದ್ರಿ’ ಎಂಬ ಹಳೆಯ ಬೋರ್ಡನ್ನು ಅಲುಗಾಡಿಸುವುದು ಸುಲಭವಲ್ಲ, ಅದನ್ನು ಕಟ್ಟಿದವನಿಗೆ ನನ್ನ ನಮಸ್ಕಾರ. ನಾನು ಬರೆದದ್ದು ‘ಸಾಲ ಕೇಳುವಾಗ ಅಣ್ಣ, ತೀರಿಸುವಾಗ ಯಾರಣ್ಣ’, ಎಂಟಕ್ಕೆ ಎಂಟು ಅಕ್ಷರ. ಆಟೋದ ಮೇಲೆ ಇದು ಬಿದ್ದುಹೋಗಿತ್ತು, ಅಲ್ಲಿ ಸಾಲ ಕೇಳುವವರು ಯಾರಿದ್ದಾರೆ? ಕಿರಾಣಿ ಅಂಗಡಿಯ ಗಲ್ಲಾಪೆಟ್ಟಿಗೆಯ ಮೇಲೆ ಒಂದೂವರೆ ಇಂಚಿನಲ್ಲಿ ಹಾಕಿದ ಮೇಲೆ ಮೂವತ್ತಕ್ಕೂ ಹೆಚ್ಚು ಹೋಗಿವೆ. ಟ್ರ್ಯಾಕ್ಟರ್ ಟ್ರೈಲರ್‌ಗೂ ಪ್ರಯತ್ನಿಸಿದೆ, ಕೆಸರಿಗೆ ಏನೂ ನಿಲ್ಲಲಿಲ್ಲ, ಕೈಬಿಟ್ಟೆ.

ನವೆಂಬರ್‌ನಲ್ಲಿ ಸಾಲು ಕೇಳುವವರು ಕಡಿಮೆ. ಆಗ ಕೇಳುವುದು 1ಕ್ಕೆ ರಾಜ್ಯೋತ್ಸವದ ಹಳದಿ–ಕೆಂಪು, 9ಕ್ಕೆ ನಟ ಶಂಕರ್‌ನಾಗ್ ಹುಟ್ಟಿದ ದಿನಕ್ಕೆ ಅವರ ಚಿತ್ರ. 1980ರಲ್ಲಿ ತೆರೆಯ ಮೇಲೆ ಆಟೋ ಚಾಲಕನಾದವರನ್ನು ನಮ್ಮ ಚಾಲಕರು ಇನ್ನೂ ಇಳಿಸಿಲ್ಲ, 1990ರ ಸೆಪ್ಟೆಂಬರ್ 30ರಂದು ಅವರು ತೀರಿಕೊಂಡದ್ದೂ ನಮ್ಮ ದಾವಣಗೆರೆ ಹತ್ತಿರದ ಆನಗೋಡಿನ ಬಳಿಯೇ. ಅವರ ಚಿತ್ರ ಇರುವ ಗಾಡಿಗೆ ಸಾಲನ್ನು ಚಿತ್ರದ ಕೆಳಗೆ ಹಾಕಬೇಡಿ, ಅವರ ಮಾತು ಎಂದು ಓದಿಕೊಳ್ಳುತ್ತಾರೆ. ಎದುರು ಬದಿಗೆ ಹಾಕಿ. ಕೆಂಪು ಸ್ಟಿಕರ್ ಅಗ್ಗದ್ದಾದರೆ ಬಿಸಿಲಿಗೆ ವರ್ಷದಲ್ಲಿ ಕಿತ್ತಳೆಯಾಗುತ್ತದೆ, ಹಳದಿ ಬಣ್ಣದ ಮೇಲೆ ಕಪ್ಪೇ ಒಳ್ಳೆಯದು, ಹಸಿರಿನ ಮೇಲೆ ಬಿಳಿ.

ಹಳೆಯ ಸಾಲು ಕಿತ್ತು ಹೊಸದು ಹಾಕುವಾಗ ಹೇರ್ ಡ್ರೈಯರ್‌ನಲ್ಲಿ ಬಿಸಿ ಮಾಡಿ ಅಕ್ಷರದ ತುದಿಯಿಂದ ನಿಧಾನ ಎಳೆಯಿರಿ, ಉಳಿದ ಅಂಟಿಗೆ ಸೀಮೆಎಣ್ಣೆ. ಎರಡು ವರ್ಷ ಇದ್ದ ಸಾಲಾದರೆ ಕಿತ್ತ ಮೇಲೂ ಓದಬಹುದು, ಸ್ಟಿಕರ್ ಕೆಳಗಿನ ಬಣ್ಣ ಬಿಸಿಲಿಗೆ ಮಾಸಿರುವುದಿಲ್ಲ. ಪಾಲಿಶ್ ಮಾಡಿದರೂ ಪೂರ್ತಿ ಹೋಗದು. ಹೊಸ ಸಾಲನ್ನು ಅದೇ ಗೆರೆಯಲ್ಲಿ, ಅರ್ಧ ಇಂಚು ದೊಡ್ಡ ಅಕ್ಷರದಲ್ಲಿ ಹಾಕಿ. ಗೆರೆಗೆ 14 ಹಿಡಿಯುತ್ತಿದ್ದಲ್ಲಿ ಆಗ 12 ಅಕ್ಷರ ಮಾತ್ರ ಹಿಡಿಯುತ್ತವೆ, ಅದಕ್ಕೆ ತಕ್ಕ ಸಾಲನ್ನು ಮೊದಲೇ ಬರೆದಿಟ್ಟುಕೊಂಡಿರಿ.